ಸೊಂಟದ್ದೊಂದು, ಹೆಗಲಿನದೊಂದು

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗ ಬೆಲ್ಟು ಕಳಚಿ ಟ್ರೇಗೆ ಹಾಕಿದ. ನಾನೂ ಹಾಕಿದೆ. ಅರವತ್ತೈದು ದಾಟಿದ ಮೇಲೆ ಮನುಷ್ಯನಿಗೆ ಹೊಟ್ಟೆ ಇರುತ್ತದೆ, ಸೊಂಟ ಇರುವುದಿಲ್ಲ. ಎಡಗೈಯಲ್ಲಿ ಪ್ಯಾಂಟು ಹಿಡಿದು ಬಲಗೈಯೊಂದನ್ನೇ ಎತ್ತಿ ನಿಂತೆ. "ಎರಡೂ ಕೈ ಎತ್ತಿ ಸಾರ್" ಅಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ಕೂಡಿಹಾಕಿದ್ದ ಗಾಂಭೀರ್ಯವೆಲ್ಲ ಆ ಟ್ರೇಯಲ್ಲಿ ಸುರುಳಿ ಸುತ್ತಿಕೊಂಡು ಯಂತ್ರದೊಳಗೆ ಹೋಗಿಬಿಟ್ಟಿತು.

ಯುರೋಪಿಗೆ ಹೋಗಿಬಂದವರು ಹಿಮ ನೋಡಿದೆವು, ಗೋಪುರ ನೋಡಿದೆವು ಎನ್ನುತ್ತಾರೆ. ನಾನು ಮುಖ್ಯವಾಗಿ ನೋಡಿಬಂದದ್ದು ಬೆಲ್ಟುಗಳನ್ನು, ಅದೂ ಕಲ್ಲಿನವನ್ನು. ಇದಕ್ಕೆ ಅಪ್ಪ ಕಾರಣ. ಅಪ್ಪ ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ ದಫೇದಾರರಾಗಿದ್ದರು. ಬೆಳಿಗ್ಗೆ ಬಿಳಿ ಉದ್ದ ಕೋಟು ತೊಟ್ಟು, ಜರಿಯಂಚಿನ ಪೇಟ ಇಟ್ಟು, ಮೊದಲು ಸೊಂಟಕ್ಕೆ ಅಂಗೈಯಗಲದ ಒಂದನ್ನು ಬಿಗಿಯುತ್ತಿದ್ದರು. ಆಮೇಲೆ ಬಲಹೆಗಲಿನಿಂದ ಎಡ ಪಕ್ಕೆಗೆ ಇಳಿಯುವ ಕೆಂಪಿನದೊಂದು. ಅದರ ನಡುಮಧ್ಯೆ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆಗೆ ಹುಣಸೆಹಣ್ಣು ತಿಕ್ಕಿ ಫಳಫಳ ಹೊಳೆಯಿಸುವುದು ನನ್ನ ಭಾನುವಾರದ ಕೆಲಸ. ಎರಡಕ್ಕೂ ಗತ್ತು ಬೇರೆ ಬೇರೆ. ಸೊಂಟದ್ದನ್ನು ಬಿಗಿದಾಗ ಅಪ್ಪ ನೆಟ್ಟಗಾಗುತ್ತಿದ್ದರು, ಹೆಗಲಿನದನ್ನು ಹಾಕಿಕೊಂಡಾಗ ಅಗಲವಾಗುತ್ತಿದ್ದರು. ಎರಡಕ್ಕೂ ಮನೆಯಲ್ಲಿ ಬೇರೆ ಬೇರೆ ಹೆಸರಿತ್ತು ಎಂಬುದು ನೆನಪಿದೆ, ಹೆಸರು ಮಾತ್ರ ಮರೆತುಹೋಗಿತ್ತು.

ನಿವೃತ್ತಿಯಾದ ಮೇಲೆ ರೋಮಿನ ಇತಿಹಾಸ ಓದುತ್ತ ಕೂತಾಗ ಆ ಎರಡು ಪಟ್ಟಿಗಳು ಮತ್ತೆ ಎದುರಾದವು. ರೋಮನ್ನರ ಲ್ಯಾಟಿನ್ ಭಾಷೆಯಲ್ಲೂ ಬೆಲ್ಟಿಗೆ ಎರಡು ಹಳೆಯ ಪದ: ಕಿಂಗುಲುಮ್ ಮತ್ತು ಬಾಲ್ತೆಯುಸ್. ನಿಘಂಟು ಒಂದೇ ಗೆರೆಯಲ್ಲಿ ಪಂಚಾಯ್ತಿ ಮುಗಿಸಿತ್ತು: ಕಿಂಗುಲುಮ್ ಸೊಂಟದ್ದು, ಬಾಲ್ತೆಯುಸ್ ಹೆಗಲಿನದು, ಕತ್ತಿ ನೇತುಹಾಕುವುದಕ್ಕೆ. ಸರಿ, ನಮ್ಮಪ್ಪನ ಹಾಗೇ ಅಂದುಕೊಂಡೆ. ಮಗಳೂ ಅಳಿಯನೂ ಫ್ರಾಂಕ್‌ಫರ್ಟಿನಲ್ಲಿದ್ದಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ ರೋಮಿನಲ್ಲಿ ಮೂರು ದಿನ ಇಳಿಯುವುದೆಂದು ಹಟ ಹಿಡಿದು ಟಿಕೆಟ್ ಮಾಡಿಸಿದೆ.

ರೋಮಿನಲ್ಲಿ ಮೊದಲ ಬೆಳಿಗ್ಗೆ ಟ್ರೇಜನ್ ಚಕ್ರವರ್ತಿಯ ಸ್ತಂಭದ ಬುಡಕ್ಕೆ ಹೋದೆ. ಕ್ರಿ.ಶ. 113ರಲ್ಲಿ ನಿಲ್ಲಿಸಿದ್ದು. ಕಂಬವೇ ಸುಮಾರು 30 ಮೀಟರ್, ಅದರ ಸುತ್ತ ಬಳ್ಳಿ ಹಬ್ಬಿದ ಹಾಗೆ 23 ಸುತ್ತು ಶಿಲ್ಪ, ಎರಡೂವರೆ ಸಾವಿರಕ್ಕೂ ಮಿಕ್ಕಿದ ಆಕೃತಿಗಳು. ಡಾನ್ಯೂಬ್ ನದಿಯಾಚೆಗಿನ ಡೇಸಿಯನ್ನರ ಮೇಲೆ ಮಾಡಿದ ಯುದ್ಧದ ಕಥೆ. ನಮ್ಮ ಹೊಯ್ಸಳ ದೇವಾಲಯಗಳ ಜಗತಿಯ ಮೇಲೆ ಆನೆಸಾಲು, ಕುದುರೆಸಾಲು, ರಾಮಾಯಣದ ಸಾಲು ಹರಿಯುತ್ತದಲ್ಲ, ಆ ಪಟ್ಟಿಕೆಯನ್ನು ಬಿಡಿಸಿ ಕಂಬಕ್ಕೆ ಸುತ್ತಿದರೆ ಹೇಗೋ ಹಾಗೆ. ಆದರೆ ಅಲ್ಲಿ ನಾವು ಪ್ರದಕ್ಷಿಣೆ ಬಂದರೆ ಕಥೆ ಕಣ್ಣೆದುರಿಗೇ ಮುಂದುವರಿಯುತ್ತದೆ. ಇಲ್ಲಿ ನಾಲ್ಕನೆಯ ಸುತ್ತಿಗೇ ಕತ್ತು ನೋಯುತ್ತದೆ, ಮೇಲಿನದನ್ನು ಪಾರಿವಾಳಗಳು ಓದಿಕೊಳ್ಳಬೇಕು. ಅಳಿಯನ ದುರ್ಬೀನು ತರಬಾರದಿತ್ತೆ ಎಂದು ಪೇಚಾಡಿದೆ.

ಕೆಳಗಿನ ಸುತ್ತುಗಳೇ ನನಗೆ ಸಾಕಾದವು. ಸೈನಿಕರು ಮರ ಕಡಿಯುತ್ತಾರೆ, ಕೋಟೆ ಕಟ್ಟುತ್ತಾರೆ, ಹೊಳೆ ದಾಟುತ್ತಾರೆ. ಎಲ್ಲರಿಗೂ ಹೆಗಲಿನಿಂದ ಅಡ್ಡಡ್ಡ ಇಳಿದ ಸಣ್ಣ ಪಟ್ಟಿ, ಅದರ ಕೊನೆಯಲ್ಲಿ ಬಲಗಡೆಗೆ ಮೋಟು ಕತ್ತಿ. ಬಲಗೈಯವನು ಕತ್ತಿಯನ್ನು ಬಲಕ್ಕೇ ಕಟ್ಟಿಕೊಳ್ಳುವುದು ನಮಗೆ ವಿಚಿತ್ರ. ನಮ್ಮ ನಾಟಕದ ಅರ್ಜುನನಿಂದ ಹಿಡಿದು ಪರೇಡಿನ ಅಧಿಕಾರಿಯವರೆಗೆ ಎಲ್ಲರಿಗೂ ಕತ್ತಿ ಎಡಕ್ಕೆ. ರೋಮನ್ ಸಿಪಾಯಿಯ ಎಡಗೈಯಲ್ಲಿ ದೊಡ್ಡ ಗುರಾಣಿ ಇರುತ್ತಿತ್ತು. ಕತ್ತಿ ಗಿಡ್ಡದು, ಆದ್ದರಿಂದ ಬಲದಿಂದಲೇ ಹಿರಿಯಬಹುದು. ಏನೇ ಇರಲಿ, ಹೆಗಲಿನ ಪಟ್ಟಿ ಕಂಡಿತು, ನಿಘಂಟು ಹೇಳಿದ್ದು ನಿಜವಾಯಿತು ಎಂಬ ಸಂತೋಷದಲ್ಲಿ ಎದುರಿನ ಅಂಗಡಿಯಲ್ಲಿ ಒಂದು ಕಾಫಿ ಕುಡಿದೆ. ನಮ್ಮ ಬೈಟು ಕಾಫಿಯನ್ನು ಮತ್ತೆ ನಾಲ್ಕು ಪಾಲು ಮಾಡಿದರೆ ಬರುವಷ್ಟು, ಕಷಾಯದಷ್ಟು ಕಹಿ. ಬೆಲೆ ಮಾತ್ರ ಪೂರ್ತಿ.

ಆ ಸಂತೋಷ ಸಂಜೆಯವರೆಗೆ ಮಾತ್ರ. ಹೋಟೆಲ್ ಕೋಣೆಯಲ್ಲಿ ವರ್ಜಿಲ್ ಕವಿಯ ಈನಿಯಡ್ ಕಾವ್ಯದ ಅನುವಾದ ತೆರೆದೆ. ಅದರ ಹತ್ತನೆಯ ಸರ್ಗದಲ್ಲಿ ಟರ್ನಸ್ ಎಂಬ ವೀರ ಎಳೆಯ ಪಲ್ಲಾಸನನ್ನು ಕೊಂದು, ಹೆಣದ ಮೇಲಿಂದ ಭಾರವಾದ ಬಾಲ್ತೆಯುಸನ್ನು ಬಿಚ್ಚಿಕೊಳ್ಳುತ್ತಾನೆ. ಅದರ ಮೇಲೆ ಚಿನ್ನದಲ್ಲಿ ಕೆತ್ತಿದ ಚಿತ್ರ: ಮದುವೆಯ ರಾತ್ರಿಯೇ ಗಂಡಂದಿರನ್ನು ಕೊಂದ ಡನಾಯಸನ ಹೆಣ್ಣುಮಕ್ಕಳದು. ಹನ್ನೆರಡನೆಯ ಸರ್ಗದ ಕೊನೆಗೆ ಅದೇ ಟರ್ನಸ್ ನೆಲಕ್ಕೆ ಬಿದ್ದು ಪ್ರಾಣ ಬೇಡುತ್ತಾನೆ. ನಾಯಕ ಈನಿಯಸನ ಕೈ ತಡೆಯುತ್ತದೆ. ಇನ್ನೇನು ಬಿಟ್ಟೇಬಿಡುತ್ತಾನೆ ಅನ್ನುವಾಗ, ಬಿದ್ದವನ ಹೆಗಲ ಮೇಲೆ ಪಲ್ಲಾಸನ ಪಟ್ಟಿ ಹೊಳೆಯುತ್ತದೆ. ಕತ್ತಿ ಇಳಿಯುತ್ತದೆ, ಕಾವ್ಯ ಮುಗಿಯುತ್ತದೆ. ದುಷ್ಯಂತನಿಗೆ ಉಂಗುರ ಕಂಡು ಪ್ರೀತಿ ಮರಳಿದ ಹಾಗೆ ಇಲ್ಲಿ ಪಟ್ಟಿ ಕಂಡು ಸಿಟ್ಟು ಮರಳುತ್ತದೆ. ಮೂಲದಲ್ಲಿ ಆ ಜಾಗದಲ್ಲಿ ಯಾವ ಪದವಿದೆ ನೋಡೋಣ ಎಂದು ಫೋನಿನಲ್ಲಿ ಹುಡುಕಿದರೆ, ವರ್ಜಿಲ್ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ್ದಾನೆ. ಹೆಗಲ ಮೇಲೆ ಕಂಡದ್ದು ಬಾಲ್ತೆಯುಸ್. ಗುಬಟುಗಳಿಂದ ಮಿನುಗಿದ್ದು ಕಿಂಗುಲುಮ್, ಅದೂ ಬಹುವಚನದಲ್ಲಿ. ಹಾಗಾದರೆ ಸೊಂಟದ್ದು ಯಾವುದು, ಹೆಗಲಿನದು ಯಾವುದು? ನಿಘಂಟು ಹಾಕಿದ್ದ ಗೋಡೆ ಮೊದಲ ದಿನವೇ ಬಿರುಕು ಬಿಟ್ಟಿತು.

ವರ್ಜಿಲನಿಗಿಂತ ಹಿರಿಯ, ವಾರೋ ಎಂಬ ಮಹಾಪಂಡಿತ. ಕ್ರಿ.ಪೂ. 27ರಲ್ಲಿ ತೀರಿಕೊಂಡವನು. ಪದಗಳ ಹುಟ್ಟು ಹುಡುಕುವುದು ಅವನ ಹುಚ್ಚು. ಅವನು ಹೇಳುವುದು: ಗುಬಟು ಜಡಿದ ತೊಗಲಿನ ಕಿಂಗುಲುಮ್ಮೇ ಬಾಲ್ತೆಯುಸ್. ಗುಬಟಿಗೆ ಲ್ಯಾಟಿನ್ನಿನಲ್ಲಿ ಬುಲ್ಲಾ. ಅದರಿಂದಲೇ ಬಾಲ್ತೆಯುಸ್ ಆಯಿತೆಂದು ಅವನ ವಾದ. ವಿದ್ವಾಂಸರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಇದು ನೆರೆಯ ಎಟ್ರುಸ್ಕನ್ನರ ಪದವೆಂದು ಅವನೇ ಇನ್ನೊಂದು ಕಡೆ ಹೇಳಿದ್ದಾನೆ. ನನಗೇನು, ಬುಲ್ಲಾ ಎಂದು ಓದಿದ ಕೂಡಲೇ ಕಿವಿಯಲ್ಲಿ ಬಿಲ್ಲೆ ಎಂದು ಕೇಳಿಸಿತು. ಎರಡಕ್ಕೂ ನಂಟು ಕಟ್ಟಲು ಹೊರಟರೆ ನಾನೂ ವಾರೋನ ಸಾಲಿಗೇ ಸೇರುತ್ತೇನೆ, ಬೇಡ.

ಫ್ರಾಂಕ್‌ಫರ್ಟ್ ತಲುಪಿ ಎರಡು ದಿನ ಮೊಮ್ಮಗನ ಕೈಗೆ ಸಿಕ್ಕಿದ್ದಾಯಿತು. ಮೂರನೆಯ ದಿನ ಮಗಳು ರಜೆ ಹಾಕಿ ಮೈಂಟ್ಸ್ ಊರಿಗೆ ಕರೆದುಕೊಂಡು ಹೊರಟಳು. ಲೋಕಲ್ ರೈಲು, ಮುಕ್ಕಾಲು ಗಂಟೆಯೊಳಗಿನ ದಾರಿ. ಕೊನೆಗೆ ರೈಲು ಕಬ್ಬಿಣದ ಸೇತುವೆಯ ಮೇಲೆ ದಡದಡಿಸಿತು. "ಅಪ್ಪಾ, ರೈನ್!" ಎಂದಳು. ಕೆಳಗೆ ಹಸಿರುಗಂದು ನೀರು, ಉದ್ದುದ್ದದ ಸರಕಿನ ದೋಣಿಗಳು ಎದುರು ಪ್ರವಾಹಕ್ಕೆ ಏದುಸಿರು ಬಿಡುತ್ತ ಹೋಗುತ್ತಿದ್ದವು. ಸ್ವಲ್ಪ ಕೆಳಗೆ ಮೈನ್ ನದಿ ಬಂದು ರೈನನ್ನು ಕೂಡುತ್ತದೆ. ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಕೂಡುವ ಹಾಗೆ. ಆದರೆ ಕೂಡ್ಲಿಯಲ್ಲಿ ಕೂಡಿದ ಮೇಲೆ ಇಬ್ಬರ ಹೆಸರೂ ಉಳಿಯುತ್ತದೆ, ತುಂಗಭದ್ರೆ. ಇಲ್ಲಿ ಮೈನ್ ತನ್ನ ಹೆಸರನ್ನು ದಡದಲ್ಲೇ ಕಳಚಿಟ್ಟು ಹೋಗುತ್ತಾಳೆ.

ಸೇತುವೆ ಇಳಿದ ಕೂಡಲೇ ಬರುವ ನಿಲ್ದಾಣದ ಹೆಸರು ಕೇಳಿ ನನಗೆ ನಗು ಬಂತು: ರೋಮನ್ ರಂಗಮಂದಿರ. ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ, ನಮ್ಮಲ್ಲಿ ಕಡಲೆಕಾಯಿ ಅಂಗಡಿ ಇರುವ ಕಡೆ, ಎರಡು ಸಾವಿರ ವರ್ಷದ ರಂಗಮಂದಿರದ ಅವಶೇಷ. ಹತ್ತು ಸಾವಿರ ಜನ ಕೂರುತ್ತಿದ್ದರಂತೆ, ಆಲ್ಪ್ಸ್ ಪರ್ವತದ ಉತ್ತರಕ್ಕೆ ಇಷ್ಟು ದೊಡ್ಡದು ಇನ್ನೊಂದಿಲ್ಲ. ಅರ್ಧ ಬಳೆಯಂಥ ಮೆಟ್ಟಿಲು ಸಾಲು, ಮುರಿದ ಗೋಡೆ. ಇಂಥ ಮಂದಿರದ ಆಸನಗಳ ನಡುವೆ ಸುತ್ತಿ ಬರುವ ನಡೆದಾರಿಗೆ ರೋಮಿನ ವಾಸ್ತುಕಾರ ವಿಟ್ರುವಿಯಸ್ ಕೊಟ್ಟ ಹೆಸರು ಪ್ರೈಕಿಂಕ್ಟಿಯೋ. ಕಿಂಗುಲುಮ್ಮಿನ ತಂಗಿ, ಎರಡೂ ಹುಟ್ಟಿದ್ದು ಕಿಂಗೆರೆ, ಅಂದರೆ ಸುತ್ತಿ ಬಿಗಿ ಎಂಬ ಧಾತುವಿನಿಂದ. ಅದೇ ವಿಟ್ರುವಿಯಸ್ ಕಂಬದ ತಲೆಯ ಮೇಲಿನ ದಿಂಬಿನಾಕಾರದ ನಡುವೆ ಹಾಯುವ ಅಲಂಕಾರದ ಪಟ್ಟಿಯನ್ನು ಮಾತ್ರ ಬಾಲ್ತೆಯುಸ್ ಎನ್ನುತ್ತಾನೆ. ಕಟ್ಟಡದಲ್ಲಿ ಹೆಗಲೂ ಇಲ್ಲ, ಸೊಂಟವೂ ಇಲ್ಲ. ಆದರೂ ಅವನು ಎರಡು ಪದಗಳನ್ನು ಬೆರೆಸಲಿಲ್ಲ. ಅಲ್ಲಿ, ಆ ಪ್ಲಾಟ್‌ಫಾರ್ಮಿನ ಮೇಲೆ, ನನಗೆ ಮೊದಲ ಸಲ ಅನುಮಾನ ಬಂದದ್ದು: ಈ ಪದಗಳ ಜಗಳ ಮೈಯ ಯಾವ ಭಾಗ ಎಂಬುದರ ಬಗ್ಗೆ ಇರಲಿಕ್ಕಿಲ್ಲ.

ಮೈಂಟ್ಸ್ ಹುಟ್ಟಿದ್ದೇ ದಂಡಿನ ಬೀಡಾಗಿ. ಕ್ರಿ.ಪೂ. 13–12ರ ಸುಮಾರಿಗೆ ಡ್ರೂಸಸ್ ಎಂಬ ಸೇನಾನಿ ಇಲ್ಲಿ ಠಾಣ್ಯ ಹಾಕಿದ. ಮೊಗೊಂಟಿಯಾಕುಮ್ ಎಂದು ಆಗಿನ ಹೆಸರು. ಇಲ್ಲಿನ ಸಿಪಾಯಿಗಳ ಗೋರಿಗಲ್ಲುಗಳಲ್ಲಿ ಬಹಳಷ್ಟು ಈಗ ಲಾಂಡೆಸ್‌ಮ್ಯೂಸಿಯಂನಲ್ಲಿವೆ. ಹಿಂದೆ ಅದು ದೊರೆಯ ಕುದುರೆಲಾಯವಾಗಿತ್ತು, ಈಗಲೂ ಹೆಬ್ಬಾಗಿಲಿನ ಮೇಲೆ ಚಿನ್ನದ ಬಣ್ಣದ ಕುದುರೆಯೊಂದು ಕಾಲೆತ್ತಿ ನಿಂತಿದೆ. ಒಳಗೆ ಹೋದರೆ ತಣ್ಣಗಿನ ಮೌನ, ಸಾಲಾಗಿ ನಿಂತ ಕಲ್ಲಿನ ಮನುಷ್ಯರು.

ವೀರಗಲ್ಲಿನ ನಾಡಿನವನಿಗೆ ಈ ಕಲ್ಲುಗಳನ್ನು ನೋಡಿದಾಗ ಆಗುವ ಆಶ್ಚರ್ಯ ಬೇರೆ ಬಗೆಯದು. ನಮ್ಮ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ, ಸೂರ್ಯ ಚಂದ್ರ. ತುರು ಕಾಯುತ್ತ ಸತ್ತವನೋ, ಊರು ಉಳಿಸಿ ಸತ್ತವನೋ, ಸತ್ತ ರೀತಿಯೇ ಅಲ್ಲಿ ಮುಖ್ಯ. ಇಲ್ಲಿ ಕಾಳಗವಿಲ್ಲ, ಕೈಲಾಸವಿಲ್ಲ. ಫೋಟೋ ಸ್ಟುಡಿಯೋದಲ್ಲಿ ನಿಂತ ಹಾಗೆ ಮುಖಾಮುಖಿ ನಿಂತಿದ್ದಾರೆ. ಊರು, ವಯಸ್ಸು, ಎಷ್ಟು ವರ್ಷದ ನೌಕರಿ ಎಂಬ ಲೆಕ್ಕ ಕೆಳಗೆ. ಗ್ನೇಯಸ್ ಮೂಸಿಯಸ್, ವಯಸ್ಸು 32, ಸೇವೆ 15 ವರ್ಷ, ಹದಿನಾಲ್ಕನೆಯ ಲೀಜನ್ನಿನ, ಅಂದರೆ ಸೇನಾದಳದ, ಗರುಡಧ್ವಜ ಹೊರುವವನು. ಕಲ್ಲು ಹಾಕಿಸಿದ್ದು ಅಣ್ಣನೋ ತಮ್ಮನೋ, ಸೆಂಚುರಿಯನ್ ಎಂಬ ತುಕಡಿ ನಾಯಕನಾಗಿದ್ದ ಮಾರ್ಕಸ್. ಅವನ ಪಕ್ಕದವನಂತೆ ಅದೇ ಲೀಜನ್ನಿನ ಪುಬ್ಲಿಯಸ್ ಫ್ಲಾವೊಲೇಯಸ್ ಕೊರ್ಡಸ್, ವಯಸ್ಸು 43, ಸೇವೆ 23 ವರ್ಷ, ಇಟಲಿಯ ಇಂದಿನ ಮೊಡೆನಾ ಊರಿನವನು. ಕೈಯಲ್ಲಿ ಒಂದು ಸುರುಳಿ ಪತ್ರ. ನಮ್ಮ ಪಿಂಚಣಿ ಕಚೇರಿಯ ಮುಂದಿನ ಸಾಲಿಗೆ ಇವನನ್ನು ಸೇರಿಸಿದರೆ ಯಾರಿಗೂ ಗುರುತು ಸಿಗಲಾರದು.

ಇವರು ಕವಚ ತೊಟ್ಟು ಮೆರೆಯುವುದಕ್ಕಿಂತ ಬೆಲ್ಟು ತೊಟ್ಟು ಮೆರೆಯುತ್ತಾರೆ. ಶಿಲ್ಪಿ ಮುಖಕ್ಕೆ ಪಟ್ಟ ಶ್ರಮಕ್ಕಿಂತ ಹೆಚ್ಚು ಶ್ರಮವನ್ನು ನಡುವಿಗೆ ಪಟ್ಟಿದ್ದಾನೆ. ಪಟ್ಟಿಯ ಮೇಲೆ ಸಾಲು ಸಾಲು ಲೋಹದ ತಗಡು, ಒಂದೊಂದರ ಮೇಲೂ ಕುಸುರಿ. ಮುಂದೆ ತೊಡೆಗಳ ನಡುವೆ ಗುಬಟು ಹೊಡೆದ ತೊಗಲಿನ ಎಳೆಗಳು ಜೋತಾಡುತ್ತವೆ. ಈ ಜೋಲುಪಟ್ಟಿಗಳಿಂದ ಏನೂ ರಕ್ಷಣೆ ಸಿಗುತ್ತಿರಲಿಲ್ಲ ಎಂದು ನನ್ನ ಕಣ್ಣಿಗೇ ತೋರಿತು. ಉಪಯೋಗ ಸದ್ದು. ಅಂಗಳದಲ್ಲಿ ಅವತ್ತು ರೋಮನ್ ವೇಷದ ಗಡ್ಡದವನೊಬ್ಬ ಶಾಲೆಯ ಮಕ್ಕಳಿಗೆ ಕತ್ತಿ ತೋರಿಸುತ್ತಿದ್ದ. ನಾನು ನೋಡುತ್ತ ನಿಂತದ್ದು ಕಂಡು ತನ್ನ ಬೆಲ್ಟನ್ನೇ ಬಿಚ್ಚಿ ಕೈಗೆ ಕೊಟ್ಟ. ಸುಲಿದ ತೆಂಗಿನಕಾಯಿಯೆರಡರ ತೂಕ. ಎಣ್ಣೆ ಹಚ್ಚಿದ ತೊಗಲಿನ ವಾಸನೆ. ಎತ್ತಿನ ಕೊರಳಪಟ್ಟಿಯ ವಾಸನೆಯೇ. ಅಲ್ಲಾಡಿಸಿದರೆ ಘಲ್ ಘಲ್. ಯಕ್ಷಗಾನದ ವೇಷಧಾರಿ ಚೌಕಿಯಿಂದ ರಂಗಕ್ಕೆ ಬರುವ ಮೊದಲೇ ಅವನ ಗೆಜ್ಜೆ ಬರುತ್ತದಲ್ಲ, ಹಾಗೆ ಈ ಸಿಪಾಯಿ ಬೀದಿ ತಿರುಗುವ ಮೊದಲೇ ಅವನ ಸದ್ದು ಬರುತ್ತಿತ್ತು. ಹೆಂಡದಂಗಡಿಯವನು ಲೋಟ ತೊಳೆದಿಡಲು ಅಷ್ಟು ಸಮಯ ಸಾಕು.

ಇವತ್ತಿನ ಪುಸ್ತಕಗಳೆಲ್ಲ ಈ ಸೊಂಟದ ಬೆಲ್ಟನ್ನು ಕಿಂಗುಲುಮ್ ಎಂದೇ ಕರೆಯುತ್ತವೆ. ಆ ವೇಷಧಾರಿಯೂ ಹಾಗೇ ಕರೆದ. ಆದರೆ ಈ ಕಲ್ಲಿನವರು ಬದುಕಿದ್ದ ಮೊದಲನೆಯ ಶತಮಾನದ ಆಸುಪಾಸಿನ ಬರಹಗಾರರನ್ನು ಕೇಳಿದರೆ ಕಥೆ ತಿರುಗಾಮುರುಗಾ. ಸಿಪಾಯಿಗಳ ಶೋಕಿಯನ್ನು ಬೈಯುತ್ತ ಹಿರಿಯ ಪ್ಲಿನಿ ಹೇಳುತ್ತಾನೆ: ಒರೆಗಳು ಬೆಳ್ಳಿ ಸರಪಳಿಯಿಂದ ಸದ್ದು ಮಾಡುತ್ತವೆ, ಪಟ್ಟಿಗಳು ಬೆಳ್ಳಿ ತಗಡಿನಿಂದ. ಅವನು ಬಳಸಿದ ಪದ ಬಾಲ್ತೆಯುಸ್. ಇತಿಹಾಸಕಾರ ಟ್ಯಾಸಿಟಸ್ ಇನ್ನೂ ಸ್ಪಷ್ಟ. ಕ್ರಿ.ಶ. 69ರ ಜನವರಿ 1ರಂದು ಇದೇ ಮೈಂಟ್ಸಿನ ಎರಡು ಲೀಜನ್ನುಗಳು ಚಕ್ರವರ್ತಿ ಗಾಲ್ಬನ ಮೂರ್ತಿಗಳನ್ನು ಒಡೆದುಹಾಕಿದವು. ಮರುದಿನ ರೈನಿನ ಕೆಳಗಣ ಕಲೋನ್ ಊರಿನಲ್ಲಿ ಸೇನಾಧಿಪತಿ ವಿಟೆಲ್ಲಿಯಸ್‌ನನ್ನು ಚಕ್ರವರ್ತಿ ಎಂದು ಕೂಗಿದ್ದಾಯಿತು. ಅವನಿಗಾಗಿ ದಂಡೆತ್ತಿ ಹೋಗಲು ಎಲ್ಲರೂ ಕೈಲಾದದ್ದು ಕೊಟ್ಟರು. ಸಾಮಾನ್ಯ ಸಿಪಾಯಿಗಳು ಕಾಸಿನ ಬದಲು ಬಿಚ್ಚಿಕೊಟ್ಟದ್ದು ಬೆಳ್ಳಿ ಹಚ್ಚಿದ ಪದಕಗಳನ್ನು ಮತ್ತು ಬಾಲ್ತೆಯುಸ್‌ಗಳನ್ನು. ಇದನ್ನು ಓದುವಾಗ ನನಗೆ ಊರಿನ ಸೊಸೈಟಿ ನೆನಪಾಯಿತು. ಅಡಿಕೆ ಬೆಲೆ ಬಿದ್ದ ವರ್ಷ ಅಮ್ಮನ ಬೆಳ್ಳಿ ಡಾಬು ಅಲ್ಲಿಗೆ ಅಡವು ಹೋಗಿತ್ತು. ನಡುವಿನಲ್ಲಿ ಸುತ್ತಿಕೊಂಡ ಬೆಳ್ಳಿ ಎಲ್ಲ ದೇಶದಲ್ಲೂ ಬಡವರ ಬ್ಯಾಂಕು.

ಅಂದರೆ ಕೊರ್ಡಸನನ್ನು ಎಬ್ಬಿಸಿ ಇದೇನಯ್ಯಾ ಎಂದು ಕೇಳಿದರೆ, ಸೊಂಟ ಮುಟ್ಟಿಕೊಂಡು ಬಾಲ್ತೆಯುಸ್ ಎಂದೇ ಅನ್ನುತ್ತಿದ್ದ. ಸೈನಿಕನ ಬೆಲ್ಟಿಗೆ ಕಿಂಗುಲುಮ್ ಎಂಬ ಪದ ಗಟ್ಟಿಯಾಗಿ ನಿಂತದ್ದು ಮೂರನೆಯ ಶತಮಾನದ ಹೊತ್ತಿಗೆ. ಆಗ ಗಿಡ್ಡ ಕತ್ತಿ ಹೋಗಿ ಉದ್ದ ಕತ್ತಿ ಬಂದಿತ್ತು, ಅದು ಎಡಕ್ಕೆ ಸರಿದಿತ್ತು, ಅದನ್ನು ಹೊರಲು ಹೆಗಲ ಮೇಲೆ ಅಗಲವಾದ ಪಟ್ಟಿ ಬಂದಿತ್ತು. ಅದರ ಮೇಲೆ ದೊಡ್ಡ ಬಿಲ್ಲೆ. ಕೆಲವು ಬಿಲ್ಲೆಗಳಲ್ಲಿ ಹದ್ದಿನ ಚಿತ್ರ, ಸುತ್ತ ದಂಡನ್ನೆಲ್ಲ ಕಾಪಾಡೆಂದು ದೇವರಿಗೆ ಮೊರೆಯಿಡುವ ಅಕ್ಷರಗಳು. ಅಪ್ಪನ ಬಿಲ್ಲೆಯ ಮೇಲೂ ಅಕ್ಷರ ಇದ್ದವು, ಕಚೇರಿಯ ಹೆಸರು.

ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿತು. ಕೆಂಪು ಮರಳುಗಲ್ಲಿನ ಮಹಾ ಇಗರ್ಜಿಯ ಮುಂದಿನ ಚೌಕದಲ್ಲಿ ಸಂತೆ ಸೇರಿತ್ತು. ಬಿಳಿ ಆಸ್ಪರಾಗಸ್ ರಾಶಿ. ನೋಡಿದರೆ ಸುಲಿದ ಕಳಲೆ, ತಿಂದರೂ ಅದರ ದೂರದ ನೆಂಟ. ಜನ ನಿಂತುಕೊಂಡೇ ವೈನ್ ಕುಡಿಯುತ್ತಿದ್ದರು, ನಮ್ಮ ಗಾಂಧಿ ಬಜಾರಿನಲ್ಲಿ ಕಬ್ಬಿನಹಾಲು ಕುಡಿಯುವ ನಿಷ್ಕಪಟತೆಯಲ್ಲಿ. ಇಗರ್ಜಿಯ ಒಳಗೆ ಬಿಳಿ ನಿಲುವಂಗಿಯ ಹುಡುಗರು ಮೇಣದಬತ್ತಿ ಹಚ್ಚುತ್ತಿದ್ದರು. ಸೊಂಟಕ್ಕೆ ಗೊಂಡೆಯಿರುವ ಹಗ್ಗ. ಮಗಳು ಹಲ್ಲು ಕಿರಿದು, "ನಿಮ್ಮ ಪದ ಸಿಕ್ಕಿತು ನೋಡಿ ಅಪ್ಪಾ" ಎಂದಳು. ಅದರ ಹೆಸರು ಇವತ್ತಿಗೂ ಕಿಂಗುಲುಮ್. ಪಾದ್ರಿ ಅದನ್ನು ಕಟ್ಟಿಕೊಳ್ಳುವಾಗ ಇಂದ್ರಿಯನಿಗ್ರಹ ಕೊಡೆಂದು ಪ್ರಾರ್ಥಿಸುತ್ತಾನೆ. ಬೆಳ್ಳಿಯಿಲ್ಲ, ಗುಬಟಿಲ್ಲ, ಕತ್ತಿಯಿಲ್ಲ, ನೇತುಹಾಕಲು ಏನೂ ಇಲ್ಲ. ಉಳಿದದ್ದು ಬಿಗಿಯುವ ಕೆಲಸವೊಂದೇ.

ಅಲ್ಲಿ ಮರದ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ರೋಮಿನ ಮದುವಣಗಿತ್ತಿ ಕುರಿಯುಣ್ಣೆಯ ನಡುಕಟ್ಟು ಕಟ್ಟುತ್ತಿದ್ದಳು, ಅದರ ಗಂಟು ಬಿಚ್ಚುವ ಹಕ್ಕು ಗಂಡನಿಗೆ ಮಾತ್ರ. ಅದರ ಹೆಸರೂ ಕಿಂಗೆರೆಯ ಕುಲದ್ದೇ, ಬಾಲ್ತೆಯುಸ್ ಅಲ್ಲ. ತಪ್ಪು ಮಾಡಿದ ಸೆಂಚುರಿಯನ್ನರನ್ನು ಅಗಸ್ಟಸ್ ಚಕ್ರವರ್ತಿ ಬೆಲ್ಟಿಲ್ಲದೆ, ಬರೀ ಅಂಗಿಯಲ್ಲಿ, ಹತ್ತಡಿ ಕೋಲು ಹಿಡಿಸಿ ದಳಪತಿಯ ಡೇರೆ ಮುಂದೆ ದಿನವಿಡೀ ನಿಲ್ಲಿಸುತ್ತಿದ್ದನಂತೆ. ವಿಮಾನ ನಿಲ್ದಾಣದ ನನ್ನ ಒಂದು ನಿಮಿಷವನ್ನು ಹತ್ತು ಗಂಟೆಗೆ ಹಿಗ್ಗಿಸಿದರೆ ಅವರ ಪಾಡು ತಿಳಿಯುತ್ತದೆ. ಹಾಗೆ ನಿಂತವನು ಡಿಸ್ಕಿಂಕ್ಟುಸ್, ಬಿಚ್ಚಿದ ನಡುವಿನವನು. ಸೋಮಾರಿಗೂ ಲಂಪಟನಿಗೂ ಅದೇ ಪದ. ಎಳೆಯ ಸೀಸರ್ ನಡುವನ್ನು ಸಡಿಲವಾಗಿ ಕಟ್ಟುತ್ತಿದ್ದ. ಆ ಹುಡುಗನ ಮೇಲೆ ಕಣ್ಣಿಡಿ ಎಂದು ಸರ್ವಾಧಿಕಾರಿ ಸುಲ್ಲಾ ಎಚ್ಚರಿಸುತ್ತಿದ್ದನಂತೆ. ಇದಕ್ಕೆ ಎದುರು ಅಕ್ಕಿಂಕ್ಟುಸ್, ಸಿದ್ಧನಾಗಿ ನಿಂತವನು. ನಾವು ಟೊಂಕಕಟ್ಟಿ ನಿಂತ ಎನ್ನುವುದು ಇದೇ ಅಲ್ಲವೇ? ಸಡಿಲ ಮನುಷ್ಯ ಎಂಬ ಮಾತೂ ನಮ್ಮಲ್ಲಿದೆ.

ಹೀಗಾಗಿ ಕಿಂಗುಲುಮ್ ಎಂದರೆ ವಸ್ತುವಿಗಿಂತ ಹೆಚ್ಚಾಗಿ ಒಂದು ಕ್ರಿಯೆ. ಕಟ್ಟಿದರೆ ನೀನು ಒಬ್ಬನು, ಬಿಚ್ಚಿದರೆ ಇನ್ನೊಬ್ಬನು. ಕಡೆಗಾಲದ ರೋಮಿನಲ್ಲಿ ಕತ್ತಿ ಮುಟ್ಟದ ಗುಮಾಸ್ತರೂ ಅಧಿಕಾರದ ಗುರುತಾಗಿ ಅದನ್ನು ಧರಿಸುತ್ತಿದ್ದರು. ಬೆಲ್ಟು ಇಳಿಸಿದ ಎಂದರೆ ನೌಕರಿ ಬಿಟ್ಟ ಎಂದೇ ಅರ್ಥ. ಕ್ರಿ.ಶ. 298ರಲ್ಲಿ ಇಂದಿನ ಮೊರಾಕ್ಕೊದ ಟ್ಯಾಂಜಿಯರಿನಲ್ಲಿ ಮಾರ್ಸೆಲ್ಲಸ್ ಎಂಬ ಕ್ರೈಸ್ತ ಸೆಂಚುರಿಯನ್, ಇನ್ನು ಚಕ್ರವರ್ತಿಯ ಸೇವೆ ಮಾಡಲಾರೆನೆಂದು ಧ್ವಜಗಳ ಮುಂದೆ ಕಿಂಗುಲುಮ್ ಕಳಚಿ ಎಸೆದ. ತಲೆ ಹೋಯಿತು. ನಮ್ಮಲ್ಲೂ ಪೊಲೀಸನ ಮೇಲೆ ಸಿಟ್ಟು ಬಂದವರು ನಿನ್ನ ಬೆಲ್ಟು ಬಿಚ್ಚಿಸ್ತೀನಿ ಎಂದು ಗದರುತ್ತಾರೆ, ಬೂಟು ಬಿಚ್ಚಿಸ್ತೀನಿ ಎನ್ನುವುದಿಲ್ಲ. ಉಪನಯನದ ದಿನ ನನ್ನ ಸೊಂಟಕ್ಕೆ ಮೌಂಜಿಯ ಹುಲ್ಲುಹಗ್ಗ ಕಟ್ಟಿದ್ದೂ ನೆನಪಾಯಿತು. ಹೆಗಲಿನ ಜನಿವಾರ ಉಳಿಯಿತು, ಸೊಂಟದ ಹುಲ್ಲು ಎಲ್ಲಿ ಹೋಯಿತೋ.

ಬಾಲ್ತೆಯುಸ್ ಹಾಗಲ್ಲ. ಏಳನೆಯ ಶತಮಾನದ ಸ್ಪೇನಿನಲ್ಲಿ ಸೆವಿಲ್ ಪಟ್ಟಣದ ಬಿಷಪ್ ಇಸಿಡೋರ್ 636ರಲ್ಲಿ ಸಾಯುವ ಮುನ್ನ ದೊಡ್ಡ ವಿಶ್ವಕೋಶ ಬರೆದ. ಅವನಿಗೆ ಬಾಲ್ತೆಯುಸ್ ಎಂದರೆ ಸುತ್ತಿಕೊಂಡದ್ದಷ್ಟೇ ಅಲ್ಲ, ಆಯುಧ ಯಾವುದರಿಂದ ತೂಗುತ್ತದೋ ಅದು. ನಾನು ಓದಿದ್ದರಲ್ಲಿ ಇಷ್ಟು ಚೊಕ್ಕ ಮಾತು ಇನ್ನೊಂದಿಲ್ಲ. ಬಾಲ್ತೆಯುಸ್ ಹೊರುತ್ತದೆ: ಕತ್ತಿಯನ್ನೋ, ಬೆಳ್ಳಿಯನ್ನೋ, ಸತ್ತ ಮದುಮಗಂದಿರ ಚಿತ್ರವನ್ನೋ. ಭಾರ ಸೊಂಟದಲ್ಲಿದ್ದಾಗ ಪದವೂ ಸೊಂಟದಲ್ಲಿತ್ತು, ಕತ್ತಿ ಹೆಗಲಿಗೆ ಏರಿದಾಗ ಪದವೂ ಏರಿತು.

ಅಲ್ಲಿಗೇ ನಿಲ್ಲಲಿಲ್ಲ ಅದು. ರೋಮನ್ನರ ಗಡಿಯಾಚೆಗಿನ ಜರ್ಮಾನಿಕ್ ಬುಡಕಟ್ಟಿನವರು ಈ ಪದವನ್ನು ಎತ್ತಿಕೊಂಡರು. ಅವರ ಬಾಯಲ್ಲಿ ಸವೆದು ಸವೆದು ಇಂಗ್ಲಿಷಿಗೆ ಹೋಗಿ ಬೆಲ್ಟ್ ಆಯಿತು, ಹಡಗು ಹತ್ತಿ ನಮ್ಮಲ್ಲಿಗೆ ಬಂದು ಬೆಲ್ಟು ಆಯಿತು. ಬಾಲ್ಟಿಕ್ ಸಮುದ್ರಕ್ಕೆ ಆ ಹೆಸರು ಬಂದದ್ದೂ ಅದು ಬಾಲ್ತೆಯುಸ್ ಹಾಗೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಎಂದು ಹನ್ನೊಂದನೆಯ ಶತಮಾನದ ಬ್ರೆಮೆನ್ನಿನ ಆಡಮ್ ಬರೆದಿಟ್ಟಿದ್ದಾನೆ. ಕಿಂಗುಲುಮ್ ಇಂಗ್ಲಿಷಿಗೆ ಹೋದದ್ದು ಕಾಯಿಲೆಯಾಗಿ, ಪಾಪ. ನಡುವನ್ನು ಸುತ್ತಿ ಉರಿಯುವ ಶಿಂಗಲ್ಸ್ ಅದರದೇ ಮಗು. ನಾವು ಅದನ್ನು ಸರ್ಪಸುತ್ತು ಎಂದೆವು. ಅವರಿಗೆ ಕಂಡದ್ದು ಬೆಲ್ಟು, ನಮಗೆ ಹಾವು.

ಮಾರನೆಯ ದಿನ ಒಬ್ಬನೇ ಬಾಡ್ ಕ್ರೊಯ್ಸ್‌ನಾಖ್ ಎಂಬ ಸಣ್ಣ ಊರಿಗೆ ರೈಲು ಹತ್ತಿದೆ. ದಾರಿಯುದ್ದಕ್ಕೂ ದ್ರಾಕ್ಷಿಯ ಗುಡ್ಡಗಳು, ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲು. ಅಲ್ಲಿನ ರೋಮನ್ ಸಂಗ್ರಹಾಲಯದಲ್ಲಿ ಅನ್ನಾಯಸ್ ಡಾವೆರ್ಜಸ್ ಎಂಬವನನ್ನು ನೋಡಬೇಕಿತ್ತು. ಬಾಲ್ಕನ್ ಕಡೆಯ ಡಲ್ಮೇಷಿಯನ್ ಪಡೆಯ ಸಾಮಾನ್ಯ ಸಿಪಾಯಿ, ವಯಸ್ಸು 36, ಸೇವೆ 15 ವರ್ಷ. ಬಲಗೈಯಲ್ಲಿ ಭರ್ಜಿ, ಎಡಕ್ಕೆ ಗುರಾಣಿ. ಅವನ ನಡುವಿನಲ್ಲಿ ಎರಡು ಬೆಲ್ಟುಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿವೆ: ಒಂದರಿಂದ ಬಲಕ್ಕೆ ಕತ್ತಿ, ಇನ್ನೊಂದರಿಂದ ಎಡಕ್ಕೆ ಬಾಕು. ತಗಡುಗಳ ಗೆರೆ ಗೆರೆಯೂ ಸ್ಪಷ್ಟ. ಅಂಗಿಯ ನೆರಿಗೆ ತೋರಣದ ಹಾಗೆ ಬಾಗಿದೆ.

ನಾನು ಬಹಳ ಹೊತ್ತು ನೋಡುತ್ತ ನಿಂತೆ. ಮಡಿಕೇರಿಯಲ್ಲಿ ಗೆಳೆಯನ ಮದುವೆಗೆ ಹೋದಾಗ ಅವನು ಹೀಗೇ ನಿಂತಿದ್ದ. ಬಿಳಿ ಕುಪ್ಯದ ನಿಲುವಂಗಿಯ ಮೇಲೆ ನಡುವಿಗೆ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಚೇಲೆಯಲ್ಲಿ ಪೀಚೆಕತ್ತಿ. ಬೆನ್ನ ಹಿಂದೆ ಒಡಿಕತ್ತಿ ಸಿಕ್ಕಿಸುವ ಹಿತ್ತಾಳೆಯ ಕೊಂಡಿಗೆ ಇನ್ನೊಂದೇ ಹೆಸರು, ತೊಡಂಗ್. ಸುತ್ತುವುದಕ್ಕೆ ಒಂದು ಪದ, ಹೊರುವುದಕ್ಕೆ ಒಂದು. ರೈನಿನ ದಡದವರೆಗೆ ಬಂದು ಅರ್ಥ ಮಾಡಿಕೊಂಡದ್ದನ್ನು ಕೊಡಗಿನ ಅಜ್ಜಂದಿರನ್ನು ಕೇಳಿದ್ದರೆ ಕೂತಲ್ಲೇ ಹೇಳುತ್ತಿದ್ದರು, ಎಲೆಯಡಿಕೆ ಜಗಿಯುತ್ತ.

ಸಂಜೆ ರೈಲಿಗೆ ಹೊತ್ತಿತ್ತು. ಊರಿನ ಹೊರಗೆ ಉಪ್ಪುನೀರಿನ ಗೋಡೆಗಳಿವೆ ನೋಡಿ ಎಂದು ಅಳಿಯ ಹೇಳಿದ್ದ. ಮುಳ್ಳುಕಡ್ಡಿಗಳನ್ನು ಒತ್ತೊತ್ತಾಗಿ ಪೇರಿಸಿ ಮನೆಯೆತ್ತರಕ್ಕೆ ಕಟ್ಟಿದ ಗೋಡೆ, ಅದರ ಮೇಲಿನಿಂದ ಬುಗ್ಗೆಯ ಉಪ್ಪುನೀರು ತೊಟ್ಟಿಕ್ಕುತ್ತದೆ. ಹಿಂದೆ ನೀರು ಗಟ್ಟಿಯಾಗಿಸಿ ಉಪ್ಪು ತೆಗೆಯಲು ಮಾಡಿದ್ದು. ಈಗ ಜನ ಅದರ ಪಕ್ಕ ಕೂತು ಉಸಿರಾಡುತ್ತಾರೆ. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ ಕಾರವಾರದ ಗಾಳಿ. ನಾನೂ ಒಂದು ಬೆಂಚಿನ ಮೇಲೆ ಕೂತು, ತುಟಿಯ ಮೇಲಿನ ಉಪ್ಪು ನೆಕ್ಕಿಕೊಂಡು, ಶಿವಮೊಗ್ಗಕ್ಕೆ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಊಟ ಮುಗಿದಿತ್ತು.

"ಅಕ್ಕಾ, ಅಪ್ಪ ಕಚೇರಿಗೆ ಹೋಗೋವಾಗ ಎರಡು ಹಾಕ್ಕೊಳ್ತಿದ್ರಲ್ಲ, ಸೊಂಟಕ್ಕೊಂದು, ಹೆಗಲಿಗೊಂದು. ಅದಕ್ಕೆ ಏನಂತಿದ್ವಿ?"

"ಇದನ್ನ ಕೇಳೋಕೆ ಅಲ್ಲಿಂದ ಫೋನ್ ಮಾಡಿದ್ಯೇನೋ? ಸೊಂಟದ್ದು ಪಟ್ಟಿ. ಬೆಲ್ಟು ಅಂತಿದ್ದಿದ್ದು ಹೆಗಲಿಂದಕ್ಕೆ. ಬೆಲ್ಟಿನ ಬಿಲ್ಲೆ ತಿಕ್ಕಿದ್ಯೇನೋ ಅಂತ ಪ್ರತಿ ಭಾನುವಾರ ನಿನ್ನನ್ನೇ ಅಲ್ವಾ ಕೂಗ್ತಿದ್ದಿದ್ದು!"